ತಾಳಿಕೆ ಯಾರದು, ಪಾಲು ಯಾರದು? – ಬರದ ಬರಹಗಳನ್ನು ಓದುವ ಒಂದು ಬಗೆ

ಬರದ ಬಗ್ಗೆ ಬರೆಯುವವರಿಗೆ ಕನ್ನಡದಲ್ಲಿ ಬರವಿಲ್ಲ. ಕಥೆಗಳಿವೆ, ಸಿನಿಮಾಗಳಿವೆ, ಸರ್ಕಾರಿ ವರದಿಗಳಿವೆ. ಪ್ರತಿ ಬೇಸಿಗೆಗೂ ಪತ್ರಿಕೆಗಳಲ್ಲಿ ಬಿರುಕು ಬಿಟ್ಟ ಕೆರೆಯಂಗಳದ ಚಿತ್ರ ಬರುತ್ತದೆ. ಚಿತ್ರದಲ್ಲಿ ಒಬ್ಬ ಮುದುಕ, ಒಂದು ಖಾಲಿ ಕೊಡ, ಮುಗಿಲು ನೋಡುವ ಕಣ್ಣು. ಆ ಕೆರೆ ತುಂಬಿದ್ದ ವರ್ಷ ಅದರ ನೀರು ಯಾರ ಹೊಲಕ್ಕೆ ಹರಿದಿತ್ತು, ಆ ಮುದುಕನಿಗೆ ಹೊಲ ಇತ್ತೇ ಇಲ್ಲವೇ ಎಂಬುದನ್ನು ಚಿತ್ರ ಹೇಳುವುದಿಲ್ಲ. ನೋಡಿದ ನಮಗೂ ಕೇಳಬೇಕು ಅನ್ನಿಸುವುದಿಲ್ಲ.

ಈ ಬರಹದಲ್ಲಿ ನಾಲ್ಕೈದು ಬಗೆಯ ಪಠ್ಯಗಳನ್ನು ಒಟ್ಟಿಗೆ ಇಟ್ಟು ಓದುವ ಉದ್ದೇಶವಿದೆ: ಒಂದು ಕಥೆ ಮತ್ತು ಅದರ ಸಿನಿಮಾ, ಒಂದು ವರದಿಗಾರಿಕೆಯ ಪುಸ್ತಕ, ನಮ್ಮ ಕಾಲದ ಯೋಜನಾ ವರದಿಗಳ ಭಾಷೆ, ಪುಣೆ ಜಿಲ್ಲೆಯ ಒಂದು ರೈತ ಸಂಘಟನೆಯ ನಿಯಮಾವಳಿ, ತೆಲಂಗಾಣದ ಹೆಣ್ಣುಮಕ್ಕಳು ತೆಗೆದ ಚಿತ್ರಗಳು. ನಿಯಮಾವಳಿಯನ್ನು ಸಾಹಿತ್ಯದ ಪಕ್ಕದಲ್ಲಿ ಇಡುವುದು ಕೆಲವರಿಗೆ ವಿಚಿತ್ರ ಎನಿಸೀತು. ಆದರೆ ಎಲ್ಲಕ್ಕೂ ನಾನು ಕೇಳುವ ಪ್ರಶ್ನೆ ಒಂದೇ: ಇರುವಷ್ಟು ನೀರನ್ನು, ಇರುವಷ್ಟು ಕಾಳನ್ನು, ಬಂದಷ್ಟು ಪರಿಹಾರವನ್ನು ಇಲ್ಲಿ ಯಾವ ಲೆಕ್ಕದಲ್ಲಿ ಹಂಚಿದರು? ಎಕರೆಯ ಲೆಕ್ಕವೋ, ತಲೆಯ ಲೆಕ್ಕವೋ? ಈ ಪ್ರಶ್ನೆ ಎತ್ತದ ಬರದ ಬರಹ ಎಷ್ಟೇ ಮನ ಕಲಕಿದರೂ ಅರ್ಧಕ್ಕೆ ನಿಂತಿರುತ್ತದೆ ಎಂಬುದು ನನ್ನ ವಾದ.

ಅಧಿಕಾರಿಯ ಬರ

ಯು.ಆರ್. ಅನಂತಮೂರ್ತಿಯವರ ‘ಬರ’ ಕಥೆಯನ್ನೂ ಅದನ್ನಾಧರಿಸಿ ಎಂ.ಎಸ್. ಸತ್ಯು 1982ರಲ್ಲಿ ತೆಗೆದ ಅದೇ ಹೆಸರಿನ ಚಿತ್ರವನ್ನೂ ಬಿಟ್ಟು ಕನ್ನಡದಲ್ಲಿ ಈ ಮಾತು ಆರಂಭಿಸಲಾಗದು. ಚಿತ್ರದಲ್ಲಿ ಅನಂತನಾಗ್ ಯುವ ಜಿಲ್ಲಾಧಿಕಾರಿ. ಜಿಲ್ಲೆ ಒಣಗಿದೆ. ಅದನ್ನು ಬರಪೀಡಿತ ಎಂದು ಘೋಷಿಸಿದರೆ ಪರಿಹಾರ ತರಬಹುದು. ಘೋಷಣೆ ಮಾತ್ರ ರಾಜಧಾನಿಯ ರಾಜಕೀಯ ಲೆಕ್ಕಾಚಾರಗಳಲ್ಲಿ ಸಿಕ್ಕಿಕೊಂಡಿದೆ. ಬರ ಮುಗಿಲಿನಲ್ಲಿ ಎಷ್ಟು ಹುಟ್ಟುತ್ತದೋ ಕಡತದಲ್ಲೂ ಅಷ್ಟೇ ಹುಟ್ಟುತ್ತದೆ, ಸಹಿ ಬೀಳುವವರೆಗೆ ಹಸಿವಿಗೂ ಅಸ್ತಿತ್ವವಿಲ್ಲ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಕಂಡ ಕೃತಿ ನಮ್ಮಲ್ಲಿ ವಿರಳ.

ಆ ಕಾಣ್ಕೆ ಹಳತಾಗಿಲ್ಲ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಲಾಯಿತು. ರಾಜ್ಯ ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿತು. ತಿಂಗಳುಗಟ್ಟಲೆ ಕಾದು 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಏಪ್ರಿಲ್ ಕೊನೆಗೆ ಬಂದದ್ದು ಸುಮಾರು 3,450 ಕೋಟಿ. ಕಥೆಯ ಜಿಲ್ಲಾಧಿಕಾರಿ ರಾಜಧಾನಿಯತ್ತ ನೋಡುತ್ತ ಕೂತಂತೆ ಇಲ್ಲಿ ಇಡೀ ರಾಜ್ಯವೇ ದೆಹಲಿಯತ್ತ ನೋಡುತ್ತ ಕೂತಿತ್ತು.

ಆದರೆ ಸಿನಿಮಾದ ಕಣ್ಣು ಅಧಿಕಾರಿಯ ಕಣ್ಣು. ಜಿಲ್ಲೆಯನ್ನು ನಾವು ಹೆಚ್ಚಾಗಿ ನೋಡುವುದು ಅವನ ಜೀಪಿನಿಂದ, ಅವನ ಬಂಗಲೆಯಿಂದ. ಕೃತಿಯನ್ನು ಮುಂದಕ್ಕೆ ಒಯ್ಯುವ ಪ್ರಶ್ನೆ, ಪರಿಹಾರ ಬರುತ್ತದೋ ಇಲ್ಲವೋ ಎಂಬುದು. ಬಂದ ಮೇಲೆ ಯಾರಿಗೆ ಎಷ್ಟು ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ. ಅನಂತಮೂರ್ತಿಯವರಿಗೆ ಮುಖ್ಯವಾಗಿದ್ದದ್ದು ವ್ಯವಸ್ಥೆಯೊಳಗೆ ಕೂತ ಸಜ್ಜನನ ಅಸಹಾಯಕತೆ. ಅದನ್ನು ಅವರು ಮಾಡಿ ತೋರಿಸಿದ್ದಾರೆ, ಅಲ್ಲಿ ತಕರಾರಿಲ್ಲ. ನನ್ನ ತಕರಾರು ನಮ್ಮ ಓದಿನ ಬಗ್ಗೆ. ಓದಿದವನು, ಮರುಕ ಇರುವವನು, ನಾಳೆ ಬೇರೆ ಊರಿಗೆ ವರ್ಗವಾಗಿ ಹೋಗಬಲ್ಲವನು – ಆ ಜಿಲ್ಲಾಧಿಕಾರಿ ನಮ್ಮಂತೆಯೇ ಇದ್ದಾನೆ. ಅವನ ಆತ್ಮಸಾಕ್ಷಿಯ ತೊಳಲಾಟವನ್ನೇ ಬರದ ಕಥೆ ಎಂದುಕೊಂಡು ನಾವು ಪುಸ್ತಕ ಮುಚ್ಚುತ್ತೇವೆ.

ಘೋಷಣೆಯ ನಂತರದ ಕಥೆ ನಿಯಮಗಳಲ್ಲಿದೆ. 2022ರಿಂದ ಜಾರಿಯಲ್ಲಿದ್ದ ವಿಪತ್ತು ಪರಿಹಾರ ಮಾನದಂಡದ ಪ್ರಕಾರ ಶೇ. 33ಕ್ಕಿಂತ ಹೆಚ್ಚು ಬೆಳೆ ಹಾನಿಯಾದರೆ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಜಮೀನಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಮಿತಿ ಎರಡು ಹೆಕ್ಟೇರ್. ಹೆಚ್ಚು ಖರ್ಚು ಮಾಡಿದವನಿಗೆ ಹೆಚ್ಚು ನಷ್ಟ ಎಂಬ ತರ್ಕ ಇದರ ಹಿಂದಿದೆ, ಒಪ್ಪೋಣ. ಆದರೂ ಸಾಲಿನ ಉದ್ದಕ್ಕೂ ಓದಿ ನೋಡಿ: ಮಳೆಯನ್ನೇ ನಂಬಿದವನಿಗೆ ಬಾವಿ ಇದ್ದವನ ಅರ್ಧ. ಅವನ ಹೊಲದಲ್ಲಿ ಕಳೆ ಕಿತ್ತು ಕೂಲಿ ತಿನ್ನುತ್ತಿದ್ದ ಹೆಂಗಸಿಗೆ ಈ ಸಾಲಿನಲ್ಲಿ ಏನೂ ಇಲ್ಲ. ಪರಿಹಾರವೂ ಎಕರೆಯ ಲೆಕ್ಕವೇ.

ಮೂರನೇ ಬೆಳೆ

ಪಿ. ಸಾಯಿನಾಥ್ ಅವರ 1996ರ ಪುಸ್ತಕವನ್ನು ಜಿ.ಎನ್. ಮೋಹನ್ ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂದು ಕನ್ನಡಕ್ಕೆ ತಂದಿದ್ದಾರೆ. ತೊಂಬತ್ತರ ದಶಕದ ಮೊದಲರ್ಧದಲ್ಲಿ ದೇಶದ ಅತಿ ಬಡ ಜಿಲ್ಲೆಗಳಲ್ಲಿ ತಿರುಗಿ ಬರೆದ ವರದಿಗಳು ಇವು. ಬಿಹಾರದ, ಈಗ ಝಾರ್ಖಂಡಿನ, ಪಲಾಮು ಜಿಲ್ಲೆಯಲ್ಲಿ ಬರ ಪರಿಹಾರಕ್ಕೆ ‘ಮೂರನೇ ಬೆಳೆ’ ಎಂಬ ಹೆಸರಿದೆ. ಮುಂಗಾರಿನದು ಒಂದು, ಹಿಂಗಾರಿನದು ಇನ್ನೊಂದು, ಪರಿಹಾರದ ಹಣ ಮೂರನೆಯದು. ಅದನ್ನು ಕೊಯ್ಯುವವರು ಗುತ್ತಿಗೆದಾರರು, ಮಧ್ಯವರ್ತಿಗಳು, ಅಧಿಕಾರಿಗಳು. ಒಡಿಶಾದ ಕಾಲಾಹಂಡಿಗೆ ಬರದ ಜಿಲ್ಲೆ ಎಂದು ಹೆಸರು. ಅಲ್ಲಿ ಬೀಳುವ ಮಳೆ ಸರಾಸರಿ ವರ್ಷಕ್ಕೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು. ನಮ್ಮ ವಿಜಯಪುರದ ರೈತ ಅಷ್ಟು ಮಳೆಯನ್ನು ಕನಸಿನಲ್ಲೂ ಕಾಣುವುದಿಲ್ಲ. ಬರ ಎಂದರೆ ಮಳೆಯ ಕೊರತೆ ಎಂಬ ನಮ್ಮ ಶಾಲಾ ಪಾಠ ಅಲ್ಲಿಗೆ ಮುರಿದು ಬೀಳುತ್ತದೆ.

ಅನಂತಮೂರ್ತಿಯವರ ಅಧಿಕಾರಿಯ ಹಿಂದೆ ನಿಂತು ನೋಡುತ್ತಿದ್ದ ನಮ್ಮನ್ನು ಸಾಯಿನಾಥ್ ಪರಿಹಾರದ ಬೆನ್ನು ಹತ್ತಿಸಿ ಹಳ್ಳಿಯೊಳಗೆ ಕರೆದೊಯ್ಯುತ್ತಾರೆ. ಇದು ದೊಡ್ಡ ಹೆಜ್ಜೆ. ಅಲ್ಲಿ ಜನರಿಗೆ ಕಸುಬು ಇದೆ, ಸಾಲ ಇದೆ, ಜಾತಿ ಇದೆ, ಹಾಸ್ಯಪ್ರಜ್ಞೆಯೂ ಇದೆ. ಕಾಲಾಹಂಡಿಯಲ್ಲಿ ಕಾಳು ಬೆಳೆಯುತ್ತದೆ, ಬೆಳೆದ ಜಿಲ್ಲೆಯ ಜನರೇ ಹಸಿದಿರುತ್ತಾರೆ. ಅಮರ್ತ್ಯ ಸೇನ್ 1981ರ ತಮ್ಮ ಕ್ಷಾಮದ ಪುಸ್ತಕದಲ್ಲಿ ಇಟ್ಟ ವಾದವೂ ಇದೇ: ಊಟ ಇದೆಯೇ ಎಂಬುದಕ್ಕಿಂತ ಅದನ್ನು ಪಡೆಯುವ ಹಕ್ಕು ಯಾರ ಕೈಯಲ್ಲಿದೆ ಎಂಬುದು ಮುಖ್ಯ.

ಆದರೆ ಪುಸ್ತಕ ಮುಚ್ಚಿದಾಗ ಓದುಗನಲ್ಲಿ ಉಳಿಯುವುದು ಹೆಚ್ಚಾಗಿ ಸಿಟ್ಟು. ಯಾರೋ ತಿಂದರು ಎಂಬ ಸಿಟ್ಟು. ತಿನ್ನುವವರನ್ನು ತೆಗೆದರೆ ಎಲ್ಲ ಸರಿಹೋಗುತ್ತದೆ ಎಂಬ ಸಮಾಧಾನವೂ ಅದರ ಬೆನ್ನಿಗೇ ಬರುತ್ತದೆ. ಲಂಚವೇ ಇಲ್ಲದ ಒಂದು ಆದರ್ಶ ಜಿಲ್ಲೆಯನ್ನು ಊಹಿಸಿಕೊಳ್ಳಿ. ಹಣವೆಲ್ಲ ಪೂರ್ತಿ ಖರ್ಚಾಗಿ ನಾಲೆ ಬಂತು, ಹೊಂಡ ಬಂತು. ಆಗಲೂ ನೀರು ಹರಿಯುವುದು ಜಮೀನು ಇದ್ದವನ ಕಡೆಗೇ. ಪ್ರಾಮಾಣಿಕವಾಗಿ ಜಾರಿಯಾದ ಅಸಮಾನ ನಿಯಮವನ್ನು ನೋಡುವ ಕಣ್ಣು ಕೇವಲ ಸಿಟ್ಟಿನಿಂದ ಬರುವುದಿಲ್ಲ.

ಸ್ಥಿತಿಸ್ಥಾಪಕತ್ವ ಎಂಬ ಪದ

ಈಗಿನ ಯೋಜನಾ ವರದಿಗಳಿಗೆ ಬರೋಣ. ನನ್ನ ಕಸುಬಿನಲ್ಲಿ ವರದಿ ಓದುವುದು, ಬರೆಸುವುದು ದಿನದ ಕೆಲಸ. ಹಾಗಾಗಿ ಈ ಪ್ರಕಾರದ ಲಕ್ಷಣಗಳ ಪರಿಚಯ ಸ್ವಲ್ಪ ಇದೆ. 2011ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಹವಾಮಾನ ಬದಲಾವಣೆಗೆ ತಾಳುವ ಕೃಷಿಗಾಗಿ ರಾಷ್ಟ್ರಮಟ್ಟದ ಕಾರ್ಯಕ್ರಮ ಆರಂಭಿಸಿತು. ಅದರ ಕೇಂದ್ರ ಹೈದರಾಬಾದಿನ ಒಣಬೇಸಾಯ ಸಂಶೋಧನಾ ಸಂಸ್ಥೆ. ಆಮೇಲೆ ಈ ಬಗೆಯ ಪದಗಳು ಪ್ರತಿ ಯೋಜನೆಯ ಮುಖಪುಟಕ್ಕೂ ಬಂದವು. ಕನ್ನಡದ ಸರ್ಕಾರಿ ಅನುವಾದಗಳಲ್ಲಿ ಇದಕ್ಕೆ ‘ಹವಾಮಾನ ಸ್ಥಿತಿಸ್ಥಾಪಕತ್ವ’ ಎಂಬ ನಾಲಿಗೆ ಹೊರಳದ ರೂಪ ಕಾಣುತ್ತದೆ.

ಈ ಪದವನ್ನು ನಾವು ಮೊದಲು ಕಲಿತದ್ದು ಹೈಸ್ಕೂಲಿನ ಭೌತವಿಜ್ಞಾನದಲ್ಲಿ. ಸ್ಪ್ರಿಂಗನ್ನು ಎಳೆದು ಬಿಟ್ಟರೆ ಮೊದಲಿನ ಆಕಾರಕ್ಕೆ ಮರಳುವ ಗುಣ ಅದು. ನಮ್ಮ ಐ.ಟಿ. ಭಾಷೆಯಲ್ಲೂ ಅರ್ಥ ಹೆಚ್ಚುಕಡಿಮೆ ಅದೇ. ಸರ್ವರ್ ಬಿದ್ದರೆ ಎಷ್ಟು ನಿಮಿಷದಲ್ಲಿ ಬೀಳುವ ಮೊದಲಿನ ಸ್ಥಿತಿಗೆ ತರುತ್ತೀರಿ ಎಂದು ಗ್ರಾಹಕ ಕೇಳುತ್ತಾನೆ. ಸರ್ವರಿಗೆ ಇದು ಸರಿಯಾದ ಅಳತೆ. ಊರಿಗೆ? ಬರ ಬರುವ ಮೊದಲು ಊರಿನಲ್ಲಿ ಹತ್ತು ಮನೆಗೆ ನೀರಾವರಿ, ಅರವತ್ತು ಮನೆಗೆ ಮಳೆಯ ಹೊಲ, ಮೂವತ್ತು ಮನೆಗೆ ಕೂಲಿ ಎಂದಿಟ್ಟುಕೊಳ್ಳಿ. ಬರ ಹೋದ ಮೇಲೆ ಊರು ಮತ್ತೆ ಅದೇ ಹತ್ತು, ಅರವತ್ತು, ಮೂವತ್ತಕ್ಕೆ ಮರಳಿದರೆ ವರದಿಯ ಪ್ರಕಾರ ಯೋಜನೆ ಗೆದ್ದಂತೆ. ಆ ಮೂವತ್ತು ಮನೆಯವರಿಗೆ ಮರಳಿ ಹೋಗಬೇಕಾದ ಒಳ್ಳೆಯ ಸ್ಥಿತಿ ಯಾವುದೂ ಇರಲಿಲ್ಲ.

‘ತಾಳಿಕೆ’ ಎಂಬ ಅಚ್ಚ ಕನ್ನಡ ಪದ ಬಳಸಿದರೆ ಸಮಸ್ಯೆ ಇನ್ನೂ ಬೆತ್ತಲಾಗುತ್ತದೆ. ತಾಳಿದವನು ಬಾಳಿಯಾನು ಎಂದು ನಾವು ಉಪದೇಶಿಸುವುದು ಸಾಮಾನ್ಯವಾಗಿ ನಮಗಿಂತ ಕೆಳಗಿರುವವರಿಗೆ. ಬೀಜ ತಾಳಲಿ, ಒಡ್ಡು ತಾಳಲಿ, ಒಪ್ಪುವೆ. ಮನುಷ್ಯರನ್ನು ತಾಳಿಸುವ ಯೋಜನೆ ಯಾವುದು, ಮನುಷ್ಯರು ತಾಳಬೇಕಾದದ್ದನ್ನೇ ಕಡಿಮೆ ಮಾಡುವ ಯೋಜನೆ ಯಾವುದು ಎಂದು ಓದುಗ ಬೇರ್ಪಡಿಸಿ ನೋಡಬೇಕು.

ಕೃಷಿ ಹೊಂಡದ ಉದಾಹರಣೆ ತೆಗೆದುಕೊಳ್ಳಿ. ಬಿದ್ದ ಮಳೆಯನ್ನು ಹೊಲದಲ್ಲೇ ಹಿಡಿದು, ಬೆಳೆ ಬಾಡುವ ಹೊತ್ತಿಗೆ ಒಂದೆರಡು ಸಲ ನೀರು ಕೊಡುವುದು ಮೂಲ ಆಲೋಚನೆ. ಒಳ್ಳೆಯ ಆಲೋಚನೆ. ಮಹಾರಾಷ್ಟ್ರದ ದ್ರಾಕ್ಷಿ, ದಾಳಿಂಬೆ ಸೀಮೆಯಲ್ಲಿ ಇದು ಹೇಗೆ ತಿರುಗಿತು ಎಂಬುದನ್ನು ಸಂಶೋಧಕರು ದಾಖಲಿಸಿದ್ದಾರೆ. ಪ್ಲಾಸ್ಟಿಕ್ ಹಾಸಿದ ದೊಡ್ಡ ಹೊಂಡಗಳನ್ನು ಬೋರ್‌ವೆಲ್ ನೀರಿನಿಂದ ತುಂಬಿಸಿಟ್ಟರು. ಎಲ್ಲರ ಕಾಲಡಿಯ ನೀರು ಒಬ್ಬನ ಹೊಲದ ಮೇಲಿನ ದಾಸ್ತಾನಾಯಿತು, ಬಿಸಿಲಿಗೆ ಒಂದಿಷ್ಟು ಆವಿಯೂ ಆಯಿತು. ಹೊಂಡ ಇದ್ದವನು ಹವಾಮಾನಕ್ಕೆ ತಾಳಿಕೊಂಡ, ಪಕ್ಕದವನ ಬಾವಿ ಬತ್ತಿತು. ವರದಿಯಲ್ಲಿ ಎಣಿಸುವುದು ಹೊಂಡಗಳ ಸಂಖ್ಯೆಯನ್ನು, ಆದ್ದರಿಂದ ಇದೂ ಯಶಸ್ಸೇ. ಮಹಾರಾಷ್ಟ್ರದ ‘ಜಲಯುಕ್ತ ಶಿವಾರ’ ಯೋಜನೆಯ ಬಗ್ಗೆ ಮಹಾಲೇಖಪಾಲರ 2020ರ ವರದಿಯ ಆಕ್ಷೇಪವೂ ಇದಕ್ಕೆ ಹತ್ತಿರದ್ದು: 9,600 ಕೋಟಿ ರೂಪಾಯಿಗೂ ಹೆಚ್ಚು ಖರ್ಚಾದರೂ ಅಂತರ್ಜಲ ಏರಿಸುವ ಗುರಿಯ ಮೇಲೆ ಅದರ ಪರಿಣಾಮ ಅತ್ಯಲ್ಪ.

ನಾಯಗಾಂವದ ನಿಯಮಗಳು

ಪುಣೆಯಿಂದ ಸಾಸವಡ ದಾಟಿ ಪೂರ್ವಕ್ಕೆ ಹೋದರೆ ಪುರಂದರ ತಾಲ್ಲೂಕಿನ ಒಣ ಭಾಗ. ಘಟ್ಟದ ಮಳೆನೆರಳು. ವರ್ಷಕ್ಕೆ 500 ಮಿಲಿಮೀಟರ್ ಮಳೆಗೂ ಖಾತ್ರಿಯಿಲ್ಲ. 1972ರ ಭೀಕರ ಬರದಲ್ಲಿ ಪುಣೆಯ ಎಂಜಿನಿಯರ್-ಉದ್ಯಮಿ ವಿಲಾಸರಾವ್ ಸಾಳುಂಖೆ ಇಲ್ಲಿಗೆ ಬಂದರು. ಜನ ಪರಿಹಾರ ಕಾಮಗಾರಿಯಲ್ಲಿ ಜಲ್ಲಿ ಒಡೆಯುತ್ತಿದ್ದರು. ಆ ಕಾಮಗಾರಿಗಳನ್ನು ಹಗುರವಾಗಿ ಕಾಣಬಾರದು. ಅವು ಲಕ್ಷಾಂತರ ಜನರ ಪ್ರಾಣ ಉಳಿಸಿದವು, ಮುಂದೆ ಮಹಾರಾಷ್ಟ್ರದ ಉದ್ಯೋಗ ಖಾತರಿಗೆ, ಅದರಿಂದ 2005ರ ರಾಷ್ಟ್ರೀಯ ಕಾಯ್ದೆಗೆ ದಾರಿಯಾದವು. ಆದರೆ ಒಡೆದ ಜಲ್ಲಿಯಿಂದ ಮುಂದಿನ ಬರ ತಡೆಯುವುದಿಲ್ಲ ಎಂಬುದು ಸಾಳುಂಖೆಯವರಿಗೆ ಕಂಡಿತು. 1974ರಲ್ಲಿ ನಾಯಗಾಂವದಲ್ಲಿ ದೇವಸ್ಥಾನದ ಟ್ರಸ್ಟಿನಿಂದ 40 ಎಕರೆ ಬರಡು ಇಳಿಜಾರನ್ನು ಗುತ್ತಿಗೆಗೆ ಪಡೆದು ಒಡ್ಡು, ಇಂಗುಕೆರೆ, ಬಾವಿ ಮಾಡಿ ತೋರಿಸಿದರು. ಅಲ್ಲಿಂದ ಹುಟ್ಟಿದ್ದು ‘ಪಾಣಿ ಪಂಚಾಯತ್’.

ಎಂಜಿನಿಯರುಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ: ಇಷ್ಟು ಒಡ್ಡು, ಇಷ್ಟು ನೀರು. ಸಾಳುಂಖೆಯವರ ಹೆಚ್ಚುಗಾರಿಕೆ ಅವರು ಊರವರೊಂದಿಗೆ ರೂಪಿಸಿದ ನಿಯಮಗಳಲ್ಲಿದೆ. ಅವನ್ನು ಸಾರದಲ್ಲಿ ಹೀಗೆ ಹೇಳಬಹುದು. ನೀರಾವರಿ ಗುಂಪಿಗೆ, ಒಬ್ಬಂಟಿಗೆ ಇಲ್ಲ. ನೀರಿನ ಪಾಲು ಮನೆಯ ತಲೆ ಎಣಿಸಿ: ತಲೆಗೆ ಅರ್ಧ ಎಕರೆಗೆ ಆಗುವಷ್ಟು, ಒಂದು ಮನೆಗೆ ಗರಿಷ್ಠ ಎರಡೂವರೆ ಎಕರೆಗೆ. ನೀರಿನ ಹಕ್ಕು ಜಮೀನಿಗೆ ಅಂಟಿಲ್ಲ. ಜಮೀನು ಮಾರಿದರೆ ಹಕ್ಕು ಅದರ ಜೊತೆ ಹೋಗುವುದಿಲ್ಲ. ಭೂಮಿ ಇಲ್ಲದವರಿಗೂ ಪಾಲು ಇದೆ. ಕಬ್ಬಿನಂಥ ವರ್ಷವಿಡೀ ನೀರು ಬೇಡುವ ಬೆಳೆ ಕೂಡದು. ಯೋಜನೆಯ ಖರ್ಚಿನಲ್ಲಿ ಶೇ. 20 ಫಲಾನುಭವಿಗಳದೇ.

ಇದನ್ನು ಒಂದು ಪಠ್ಯವಾಗಿ ಓದಿ ನೋಡಿ. ಇಲ್ಲಿ ಮುದುಕನಿಲ್ಲ, ಖಾಲಿ ಕೊಡವಿಲ್ಲ, ಉಪಮೆ ಮೊದಲೇ ಇಲ್ಲ. ಆದರೆ ಪ್ರತಿ ವಾಕ್ಯದ ಹಿಂದೆ ಒಂದು ಜಗಳ ಕೇಳಿಸುತ್ತದೆ. ಇಪ್ಪತ್ತು ಎಕರೆ ಇದ್ದವನು ಎರಡೂವರೆಗೆ ಯಾಕೆ ಒಪ್ಪಬೇಕು? ಐದು ಜನರ ಕೂಲಿಯವನ ಮನೆಗೂ ಐದು ಜನರ ಗೌಡನ ಮನೆಗೂ ಒಂದೇ ಪಾಲು ಎಂದರೆ ಊರಿನ ಕಟ್ಟೆಯ ಮೇಲೆ ಏನಾಗಿರಬೇಕು? ಕಬ್ಬು ಕೂಡದು ಎಂಬ ಸಾಲಿನ ತೂಕ ಮಹಾರಾಷ್ಟ್ರದಲ್ಲಿ ಬದುಕುವ ನಮಗೆ ಗೊತ್ತು. ಕೃಷಿ ವೆಚ್ಚ ಮತ್ತು ಬೆಲೆ ಆಯೋಗದ ಲೆಕ್ಕದಂತೆ ರಾಜ್ಯದ ಸಾಗುವಳಿ ಭೂಮಿಯ ಶೇ. 4ರಷ್ಟರಲ್ಲಿರುವ ಕಬ್ಬು ನೀರಾವರಿ ನೀರಿನ ಸುಮಾರು ಶೇ. 70ನ್ನು ಕುಡಿಯುತ್ತದೆ. 2016ರ ಏಪ್ರಿಲ್‌ನಲ್ಲಿ ಲಾತೂರಿನ ಜನರಿಗೆ ಕುಡಿಯುವ ನೀರನ್ನು ಮಿರಜದಿಂದ ರೈಲಿನಲ್ಲಿ ಒಯ್ದರು. ಅದೇ ಮರಾಠವಾಡದಲ್ಲಿ ಆಗಲೂ ಕಬ್ಬು ಇತ್ತು, ಸಕ್ಕರೆ ಕಾರ್ಖಾನೆಗಳಿದ್ದವು.

ನೀರು ಬಿಡುವ ಕೆಲಸಕ್ಕೆ ಅಲ್ಲಿ ‘ಪಾಟ್ಕರಿ’ ಎಂಬವನಿದ್ದ. ನಮ್ಮ ಕೋಲಾರ, ತುಮಕೂರು ಕಡೆಯ ಕೆರೆಗಳ ನೀರುಗಂಟಿಯ ನೆನಪಾಗುತ್ತದೆ. ನೀರುಗಂಟಿಯ ಜ್ಞಾನದ ಬಗ್ಗೆ ಈಗ ನಾವು ಅಭಿಮಾನದಿಂದ ಬರೆಯುತ್ತೇವೆ. ಆ ಕೆಲಸ ಮಾಡಿದವರು ಬಹುಪಾಲು ದಲಿತ ಕುಟುಂಬಗಳವರು, ಅವರು ಕಾಪಾಡಿ ಹಂಚಿದ ನೀರು ಹರಿದದ್ದು ಹೆಚ್ಚಾಗಿ ಇತರರ ಗದ್ದೆಗೆ ಎಂಬ ಮಾತನ್ನು ಬಿಡುತ್ತೇವೆ. ಸಂಪ್ರದಾಯದ ಹೊಗಳಿಕೆಗೂ ಎಕರೆ-ತಲೆಯ ಪ್ರಶ್ನೆಯನ್ನು ಕೇಳಬೇಕು.

ಹೆಸರು ಉಳಿಯಿತು, ನಿಯಮ ಹೋಯಿತು

ನಾಯಗಾಂವವನ್ನು ಪವಾಡದ ಕಥೆಯಾಗಿ ಓದುವುದೂ ತಪ್ಪೇ. ಪಾಣಿ ಪಂಚಾಯತ್ ಪುರಂದರ ಮತ್ತು ಸುತ್ತಲಿನ ಊರುಗಳಾಚೆ ದೊಡ್ಡದಾಗಿ ಹರಡಲಿಲ್ಲ. ಭೂಮಿ ಇಲ್ಲದವನಿಗೆ ನೀರಿನ ಹಕ್ಕು ಇತ್ತು ನಿಜ. ಅದನ್ನು ಬಳಸಲು ಅವನಿಗೆ ಯಾರಾದರೂ ಹೊಲವನ್ನು ಪಾಲಿಗೋ ಗುತ್ತಿಗೆಗೋ ಕೊಡಬೇಕಿತ್ತು. ಹಾಗಾಗಿ ಹೆಚ್ಚಿನ ಕಡೆ ಆ ಹಕ್ಕು ಕಾಗದ ದಾಟಿ ಹೊಲಕ್ಕೆ ಇಳಿಯಲಿಲ್ಲ. ತಲೆ ಎಣಿಸುವಾಗ ಹೆಂಗಸರ ತಲೆಯೂ ಲೆಕ್ಕಕ್ಕೆ ಬಂತು, ಆದರೆ ಪಾಲಿನ ಘಟಕ ಮನೆಯೇ. ಮನೆಯೊಳಗೆ ಆ ಪಾಲು ಯಾರ ಮಾತಿನಂತೆ ನಡೆಯುತ್ತದೆ ಎಂಬುದನ್ನು ನಿಯಮ ಕೇಳಲಿಲ್ಲ. ಇಂದು ಪುಣೆಯ ಹೊಸ ವಿಮಾನ ನಿಲ್ದಾಣಕ್ಕೆ ಗುರುತಿಸಿರುವುದು ಇದೇ ಪುರಂದರ ತಾಲ್ಲೂಕಿನ ಭೂಮಿಯನ್ನು. ಎಕರೆಯ ಬೆಲೆ ಹೀಗೆ ಏರುವ ಕಡೆ, ಜಮೀನಿನಿಂದ ನೀರನ್ನು ಬಿಡಿಸಿಟ್ಟ ನಿಯಮದ ದೂರದೃಷ್ಟಿಯೂ ಕಾಣುತ್ತದೆ, ಅದರ ಒಂಟಿತನವೂ ಕಾಣುತ್ತದೆ.

ಇದಕ್ಕಿಂತ ಬೋಧಪ್ರದವಾದದ್ದು ಹೆಸರಿನ ಪಯಣ. 2002ರಲ್ಲಿ ಒಡಿಶಾ ‘ಪಾಣಿ ಪಂಚಾಯತ್’ ಹೆಸರಿನಲ್ಲೇ ಒಂದು ಕಾಯ್ದೆ ಮಾಡಿತು. ಅದು ನಾಲೆಗಳ ನಿರ್ವಹಣೆಯನ್ನು ನೀರು ಬಳಕೆದಾರರ ಸಂಘಗಳಿಗೆ ವಹಿಸುವ ಕಾಯ್ದೆ. ಅಲ್ಲಿ ಸದಸ್ಯತ್ವಕ್ಕೆ ಆಧಾರ ಆಯಕಟ್ಟಿನ ಜಮೀನು. ಹೆಸರು ನಾಯಗಾಂವದ್ದು, ಲೆಕ್ಕ ಮತ್ತೆ ಎಕರೆಯದು. ಒಳ್ಳೆಯ ಕೆಲಸವೊಂದು ಸರ್ಕಾರಿ ಮಾದರಿಯಾಗುವಾಗ ಮೊದಲು ಕಳಚಿ ಬೀಳುವ ಭಾಗ ಹಂಚಿಕೆಯ ನಿಯಮ. ಒಡ್ಡಿನ ವಿನ್ಯಾಸ ನಕಲು ಮಾಡುವುದು ಸುಲಭ, ಯಾರ ಕಟ್ಟೆಯ ಮೇಲೂ ಜಗಳ ಆಗುವುದಿಲ್ಲ.

ನಮ್ಮ ಪತ್ರಿಕಾ ಭಾಷೆಯೂ ಇಂಥದ್ದೇ. ಕೃಷ್ಣಾ ನೀರಿನ ವಿಷಯ ಬಂದರೆ ನಮಗೆ ಅಂಕಿಗಳು ಕಂಠಪಾಠ. ಬಚಾವತ್ ನ್ಯಾಯಮಂಡಳಿ ಕೊಟ್ಟದ್ದು ಮಹಾರಾಷ್ಟ್ರಕ್ಕೆ 560 ಟಿಎಂಸಿ, ಕರ್ನಾಟಕಕ್ಕೆ 700, ಆಂಧ್ರಕ್ಕೆ 800. ಆಲಮಟ್ಟಿಯ ಎತ್ತರ 519 ಮೀಟರೋ 524 ಮೀಟರೋ ಎಂದು ಪುಣೆಯ ಕನ್ನಡಿಗರೂ ಮರಾಠಿ ಗೆಳೆಯರೂ ಚಹಾ ಕುಡಿಯುತ್ತ ವಾದ ಮಾಡುತ್ತೇವೆ. ರಾಜ್ಯ-ರಾಜ್ಯದ ನಡುವಿನ ಪಾಲನ್ನು ದಶಮಾಂಶದವರೆಗೆ ಅಳೆಯುವ ನಾವು, ಆ 700 ಟಿಎಂಸಿ ರಾಜ್ಯದೊಳಗೆ ಯಾವ ಲೆಕ್ಕದಲ್ಲಿ ಮನೆಗೆ ಮುಟ್ಟುತ್ತದೆ ಎಂದು ಕೇಳಿದ್ದು ಕಡಿಮೆ. ಸಾಂಗ್ಲಿ ಕಡೆಯ ಬರಪೀಡಿತ ತಾಲ್ಲೂಕುಗಳಲ್ಲಿ ಭರತ್ ಪಾಟಣಕರ್ ಮತ್ತು ಸಂಗಾತಿಗಳ ಚಳವಳಿ ಆ ಪ್ರಶ್ನೆ ಕೇಳಿತು, ಯೇರಳಾ ನದಿಗೆ ಬಳಿರಾಜಾ ಅಣೆಕಟ್ಟು ಕಟ್ಟಿ ಭೂಹೀನರಿಗೂ ನೀರಿನ ಪಾಲು ಎಂದಿತು. ವಿಜಯಪುರ, ಬೆಳಗಾವಿಗೆ ಅದು ದೂರದ ಊರಲ್ಲ. ಆದರೂ ಕನ್ನಡದ ನೀರಿನ ಚರ್ಚೆಯಲ್ಲಿ ಅದರ ಸದ್ದು ಅಪರೂಪ.

ಕ್ಯಾಮೆರಾ ಹಿಡಿದವರು

ಕೊನೆಯ ಪಠ್ಯಕ್ಕೆ ತೆಲಂಗಾಣಕ್ಕೆ ಹೋಗಬೇಕು. ಜಹೀರಾಬಾದ್ ನಮ್ಮ ಬೀದರಿನ ಪಕ್ಕ. ಅಲ್ಲಿನ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಿಂದ ದಲಿತ ಹೆಣ್ಣುಮಕ್ಕಳ ಸಂಘಗಳೊಂದಿಗೆ ಕೆಲಸ ಮಾಡುತ್ತಿದೆ. ಅದನ್ನು ದೀರ್ಘಕಾಲ ನಡೆಸಿದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿ, ದೂರದರ್ಶನದಲ್ಲಿ ಕೆಲಸ ಮಾಡಿ, ಆ ಕೆಂಪು ನೆಲಕ್ಕೆ ಹೋಗಿ ನಿಂತವರು. 2023ರಲ್ಲಿ, ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷದಲ್ಲೇ, ತೀರಿಕೊಂಡರು.

ತೊಂಬತ್ತರ ದಶಕದಲ್ಲಿ ಈ ಸಂಘಗಳು ತಮ್ಮದೇ ಪಡಿತರ ವ್ಯವಸ್ಥೆ ಕಟ್ಟಿದವು. ಬೀಳು ಬಿದ್ದ ಹೊಲಗಳನ್ನು ಉಳಲು ರೈತರಿಗೆ ಸಾಲ, ಸಾಲ ತೀರಿಸುವುದು ಜೋಳದ ರೂಪದಲ್ಲಿ, ಆ ಜೋಳ ಊರಿನ ಅತಿ ಬಡವರಿಗೆ ಅಗ್ಗಕ್ಕೆ. ಅತಿ ಬಡವರು ಯಾರೆಂದು ತೀರ್ಮಾನಿಸಿದ್ದು ಊರವರೇ, ಎಲ್ಲರೆದುರು ಮನೆಮನೆಯನ್ನು ಗುರುತಿಸಿ. ಸರ್ಕಾರದ ಅಗ್ಗದ ಅಕ್ಕಿ ಒಣಭೂಮಿಯ ಜೋಳವನ್ನು ತಟ್ಟೆಯಿಂದ ತಳ್ಳುತ್ತಿದ್ದ ಕಾಲದಲ್ಲಿ ಇದು ನಡೆಯಿತು. ಮಳೆ ಕಡಿಮೆಯಾದರೂ ಬರುವ ಬೆಳೆ, ಅದನ್ನು ಬೆಳೆಯುವವರಿಗೆ ಕೂಲಿ, ಹಸಿದವರಿಗೆ ಮೊದಲ ಪಾಲು: ಹವಾಮಾನ, ಆರ್ಥಿಕತೆ, ಸಮಾನತೆ ಮೂರನ್ನೂ ಒಂದೇ ಚೀಲದಲ್ಲಿ ತುಂಬಿದ ವ್ಯವಸ್ಥೆ. ನಗರದಲ್ಲಿ ನಾವು ಸಿರಿಧಾನ್ಯವನ್ನು ಮಧುಮೇಹದ ಔಷಧಿಯಾಗಿ ಅಂದವಾದ ಪೊಟ್ಟಣದಲ್ಲಿ ಕೊಳ್ಳುತ್ತೇವೆ. ಅಲ್ಲಿ ಅದು ಪಾಲಿನ ಪ್ರಶ್ನೆಯಾಗಿತ್ತು.

ಇದೇ ಹೆಣ್ಣುಮಕ್ಕಳಲ್ಲಿ ಕೆಲವರು, ಓದು ಬರಹ ಬಾರದವರೂ ಸೇರಿ, ಕ್ಯಾಮೆರಾ ಕಲಿತು ತಮ್ಮ ಹೊಲ, ಬೀಜ, ಬೆಳೆಯ ಚಿತ್ರಗಳನ್ನು ತೆಗೆದರು. 2008ರಲ್ಲಿ ತಮ್ಮದೇ ಸಮುದಾಯ ರೇಡಿಯೊ ಆರಂಭಿಸಿದರು. ವಿಮರ್ಶೆಯ ದೃಷ್ಟಿಯಿಂದ ನನಗೆ ಇದು ಮುಖ್ಯ. ಅನಂತಮೂರ್ತಿ, ಸತ್ಯು, ಸಾಯಿನಾಥ್ ಮೂವರೂ ಹೊರಗಿನಿಂದ ಒಣಭೂಮಿಗೆ ಹೋದ ದೊಡ್ಡ ಮನಸ್ಸಿನವರು. ಅವರ ಕಣ್ಣಿಗೆ ಮೊದಲು ಬೀಳುವುದು ಕೊರತೆ. ಈ ಹೆಂಗಸರ ಕ್ಯಾಮೆರಾಕ್ಕೆ ಮೊದಲು ಕಾಣುವುದು ಇರುವುದು: ಒಂದೇ ಹೊಲದಲ್ಲಿ ಹತ್ತಿಪ್ಪತ್ತು ಬಗೆಯ ಬೆಳೆ, ಬೂದಿ ಬೇವಿನ ಜೊತೆ ಬುಟ್ಟಿಯಲ್ಲಿ ಕಾಪಿಟ್ಟ ಬೀಜ. ಒಣಭೂಮಿ ಎಂದರೆ ನೀರಾವರಿಗೆ ಕಾಯುತ್ತಿರುವ ನೆಲ ಎಂದು ಅವರು ಭಾವಿಸಿಲ್ಲ. ಅದಕ್ಕೆ ಅದರದೇ ಆರ್ಥಿಕತೆ ಇದೆ, ಆ ಆರ್ಥಿಕತೆಗೆ ನ್ಯಾಯದ ನಿಯಮ ಬೇಕು ಎಂಬಲ್ಲಿಂದ ಅವರ ಮಾತು ಆರಂಭವಾಗುತ್ತದೆ.

ಗುಳೆ ಮತ್ತು ನಾವು

ಈ ಚರ್ಚೆ ಹೊರನಾಡಿನ ನಮಗೆ ಯಾಕೆ ಬೇಕು ಎಂದು ಕೇಳಬಹುದು. ಹಿಂಜವಡಿಯ ಐ.ಟಿ. ಪಾರ್ಕಿನಲ್ಲಿ ಹೊಸ ಕಟ್ಟಡ ಏಳುವ ಜಾಗದಲ್ಲಿ ಒಂದು ಗಳಿಗೆ ನಿಂತರೆ ಉತ್ತರ ಕಿವಿಗೆ ಬೀಳುತ್ತದೆ. ಗಾರೆ ಕಲಸುವವರು, ಕಬ್ಬಿಣ ಕಟ್ಟುವವರು ಯಾದಗಿರಿ, ಕಲಬುರಗಿ, ವಿಜಯಪುರದ ಕನ್ನಡ ಮಾತಾಡುತ್ತಾರೆ. ನಮ್ಮ ಆಫೀಸಿನ ಪಕ್ಕದ ಕಾಮಗಾರಿಯಲ್ಲಿದ್ದ ಒಬ್ಬರನ್ನು ಯಾವೂರು ಎಂದು ಕೇಳಿದೆ. ‘ಶಹಾಪುರ ಕಡಿ ರೀ, ಸರ’ ಎಂದರು. ಶಹಾಪುರ ನಾರಾಯಣಪುರ ಎಡದಂಡೆ ನಾಲೆಯ ಸೀಮೆ. ಅಲ್ಲಿ ನಾಲೆ ನೀರು ಬಂದಿದೆಯಲ್ಲ ಎಂದೆ. ‘ಬಂದದರೀ. ಹೊಲ ಇದ್ದೋರಿಗಿ ಬಂದದ’ ಎಂದು ಸಲಿಕೆ ಎತ್ತಿಕೊಂಡರು.

ಮೇಲಿನ ಇಷ್ಟೂ ಪುಟಗಳ ವಾದ ಅವರ ಆ ಒಂದು ಸಾಲಿನಲ್ಲಿತ್ತು. ನಾವೂ ಊರು ಬಿಟ್ಟವರು, ಅವರೂ ಊರು ಬಿಟ್ಟವರು. ನಮ್ಮದಕ್ಕೆ ವಲಸೆ, ಅವರದಕ್ಕೆ ಗುಳೆ ಎಂದು ಭಾಷೆಯೇ ಬೇರೆ ಹೆಸರಿಟ್ಟಿದೆ. ನಮ್ಮಲ್ಲಿ ಎಷ್ಟೋ ಜನರ ಎಂಜಿನಿಯರಿಂಗ್ ಫೀಸು ಬಂದದ್ದು ನೀರಾವರಿ ಹೊಲದ ಕಬ್ಬಿನಿಂದಲೋ ತೋಟದಿಂದಲೋ. ಎಕರೆಯ ಲೆಕ್ಕದಿಂದ ಲಾಭ ಪಡೆದ ಮನೆಗಳವರು ನಾವು. ಬರದ ಕಥೆಯನ್ನು ಜಿಲ್ಲಾಧಿಕಾರಿಯ ಕಣ್ಣಿನಿಂದ ಓದಲು ನಮಗೆ ಅಷ್ಟು ಸಲೀಸಾಗುವುದಕ್ಕೆ ಇದೂ ಒಂದು ಕಾರಣವಿರಬೇಕು.

ಹವಾಮಾನ ಬದಲಾದಂತೆ ಮಳೆ ಇನ್ನಷ್ಟು ಏರುಪೇರಾಗುತ್ತದೆ. ಒಂದೇ ವಾರ ಸುರಿದು ತಿಂಗಳು ಕೈಕೊಡುವ ಮಳೆಗಾಲಗಳನ್ನು ಈಗಲೇ ಕಾಣುತ್ತಿದ್ದೇವೆ. ಒಣಭೂಮಿಯ ಬಗ್ಗೆ ಯೋಜನೆಗಳೂ ಬರುತ್ತವೆ, ಪುಸ್ತಕ, ಸಿನಿಮಾಗಳೂ ಬರುತ್ತವೆ. ಕೆಲವನ್ನು ಈ ಪತ್ರಿಕೆಯಲ್ಲೇ ನಾವು ವಿಮರ್ಶಿಸುತ್ತೇವೆ. ಭಾಷೆ ಚೆನ್ನಾಗಿದೆಯೇ, ಪಾತ್ರ ಜೀವಂತವಾಗಿದೆಯೇ ಎಂದು ಕೇಳುವ ಜೊತೆಗೆ ಇನ್ನೊಂದನ್ನೂ ಕೇಳೋಣ. ಈ ಕೃತಿಯಲ್ಲಿ ಅಥವಾ ಈ ಯೋಜನೆಯಲ್ಲಿ ಮಳೆ ಬಂದ ವರ್ಷವೂ ನೀರು ಸಿಗದವರು ಯಾರು? ಅವರಿಗೆ ಸಿಗದಂತೆ ಮಾಡಿದ ನಿಯಮ ಯಾವುದು, ಅದು ಬದಲಾಗುತ್ತದೆಯೇ? ಬರಗಾಲದ ಕೃತಿಗಳಲ್ಲಿ ಮಳೆ ಬರುವುದರೊಂದಿಗೆ ಕಥೆ ಮುಗಿಯುವ ರೂಢಿಯಿದೆ. ಶಹಾಪುರದವರ ಕಥೆ ನಾಲೆಗೆ ನೀರು ಬಂದ ಮೇಲೆ ಶುರುವಾಗುತ್ತದೆ, ಅದನ್ನು ಕನ್ನಡದಲ್ಲಿ ಇನ್ನೂ ಬರೆಯಬೇಕಿದೆ.